ಮಡಚುವ ಚೂರಿಯ ಪರವಾಗಿ

ನನ್ನ ಹೆಂಡತಿ ಒಮಾನಿಗೆ ಬರುತ್ತಾಳೋ ಇಲ್ಲವೋ ಎಂಬುದು ಒಂದು ಬೇಟೆಯ ಚೂರಿ ಮಡಚುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ವಾಕ್ಯ ಇಷ್ಟು ನೇರವಾಗಿ ಬಂದಾಗ ನನಗೆ ಅನುಮಾನವಾಗುತ್ತದೆ. ಬದುಕು ನನ್ನ ಬಳಿಗೆ ಇಷ್ಟು ನೇರವಾಗಿ ಯಾವತ್ತೂ ಬಂದದ್ದಿಲ್ಲ. ಆದರೂ ಅಳಿಸುವುದಿಲ್ಲ. ಆ ವರ್ಷ ನಾನು ಅದನ್ನು ನಂಬಿದ್ದಂತೂ ಹೌದು. ನಂಬಿದವನು ಪೆದ್ದ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ.

ಎಂಬತ್ತರ ದಶಕದ ಕೊನೆ. ಒಮಾನಿನ ನಿಜ್ವಾ ಎಂಬ ಊರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಪಂಪಿನ ವಾಷರು, ಪೈಪು, ಹಗ್ಗ, ಮೊಳೆ, ಸಲಿಕೆಗಳ ನಡುವೆ ಒಂದು ಗಾಜಿನ ಕಪಾಟು, ಅದರೊಳಗೆ ಚೂರಿಗಳು. ಚೂರಿಯ ವಿಷಯದಲ್ಲಿ ಅಂಗಡಿಗೆ ನಾನೇ ತಜ್ಞ. ನನ್ನ ಅರ್ಹತೆ ಏನೆಂದರೆ ಕಪಾಟಿನ ಬೀಗದ ಕೈ ನನ್ನ ಡ್ರಾಯರಿನಲ್ಲಿತ್ತು. ಉಡುಪಿ ಕಡೆಯ ಈ ತಜ್ಞ ಅಲ್ಲಿಯವರೆಗೆ ಕೊಂದದ್ದು ಜಿರಳೆ, ಸೊಳ್ಳೆಗಳನ್ನು ಮಾತ್ರ. ಒಂದಕ್ಕೆ ಚಪ್ಪಲಿ, ಇನ್ನೊಂದಕ್ಕೆ ಬರಿಗೈ ಸಾಕಾಗಿತ್ತು.

ಅದೇ ಡ್ರಾಯರಿನಲ್ಲಿ ಫ್ಯಾಮಿಲಿ ವೀಸಾದ ಅರ್ಜಿಯೂ ಇತ್ತು. ಮದುವೆಯಾಗಿ ಮೂರು ವರ್ಷ. ನಾನೂ ಹೆಂಡತಿಯೂ ಒಟ್ಟಿಗೆ ಇದ್ದದ್ದು ಒಂದು ರಜೆ, ಅದರಲ್ಲೂ ಅರ್ಧ ನೆಂಟರ ಮನೆಯ ಊಟಗಳಿಗೆ ಹೋಗಿತ್ತು. ಅರ್ಜಿ ಅರಬ್ಬಿಯಲ್ಲಿ ಟೈಪಾಗಿ ಸಿದ್ಧವಾಗಿತ್ತು. ಬಾಕಿ ಇದ್ದದ್ದು ನನ್ನ ಕಫೀಲರ, ಎಂದರೆ ನನ್ನ ವೀಸಾಕ್ಕೆ ಹೊಣೆಯಾಗಿದ್ದ ಅಂಗಡಿ ಯಜಮಾನರ, ಒಂದು ಸಹಿ. ಅವರು ಒಳ್ಳೆಯ ಮನುಷ್ಯ. ಒಂದು ಲಾರಿ ಪೈಪಿಗೆ ನಿಂತಲ್ಲೇ ಸಹಿ ಹಾಕುತ್ತಿದ್ದರು. ಆದರೆ ಹೆಂಡತಿಯ ಕಾಗದ ಎಂದರೆ ಗೌರವದ ವಿಷಯ, ಕೂತು, ಓದಿ, ಸಮಾಧಾನದಿಂದ ಹಾಕಬೇಕು ಎನ್ನುತ್ತಿದ್ದರು. ಕೂತ ಕೂಡಲೇ ಫೋನ್ ಬರುತ್ತಿತ್ತು. "ಬುಕ್ರಾ," ನಾಳೆ, ಎಂದು ಎದ್ದು ಹೋಗುತ್ತಿದ್ದರು. ಹೀಗೆ ಅವರ ಗೌರವದಿಂದಾಗಿ ಹನ್ನೊಂದು ತಿಂಗಳು ಕಳೆದಿತ್ತು.

ಒಂದು ಬೆಳಿಗ್ಗೆ ಅವರು ಗಾಜಿನ ಕಪಾಟಿನ ಮುಂದೆ ಬಂದು ನಿಂತರು. ಸೊಂಟದಲ್ಲಿ ಬೆಳ್ಳಿ ಕೆಲಸದ ಖಂಜರ್, ಬಾಗಿದ ಕಠಾರಿ. ಎಲ್ಲಿಗೋ ಮದುವೆಗೆ ಹೊರಟಿದ್ದರು. ನಮ್ಮ ಮಾತು ಅರಬ್ಬಿ, ಹಿಂದಿ, ಕೈಸನ್ನೆ ಮೂರೂ ಕಲಸಿದ್ದು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಆದ್ದರಿಂದ ಅಷ್ಟರಮಟ್ಟಿಗೆ ಸುಳ್ಳು.

"ಶುಕ್ರವಾರ ಬೇಟೆಗೆ ಹೋಗ್ತೇನೆ. ಚೂರಿ ಬೇಕು. ಮಡಚುವುದಾ, ಮಡಚದ್ದಾ? ನೀನು ಹೇಳು."

"ಅರ್ಬಾಬ್, ನಿಮ್ಮ ಸೊಂಟದಲ್ಲೇ ಒಂದಿದೆಯಲ್ಲ?" ಎಂದೆ. ಅರ್ಬಾಬ್ ಎಂದರೆ ಯಜಮಾನರೇ.

"ಇದು ಚೂರಿಯಾ?" ಎಂದು ಅವರು ಖಂಜರಿನ ಹಿಡಿ ಮುಟ್ಟಿ ನಕ್ಕರು. "ಇದು ನನ್ನ ಅಜ್ಜ. ಅಜ್ಜನಿಂದ ಯಾರಾದರೂ ಮಾಂಸ ಕೊಯ್ಯುತ್ತಾರಾ? ನೀನು ಸರಿಯಾದ್ದು ಆರಿಸು. ಬೇಟೆಯಿಂದ ಬಂದ ಮೇಲೆ ನಿನ್ನ ಕಾಗದ ಖಲಾಸ್."

ಕಾಗದದ ಮಾತನ್ನು ಅವರು ತಾವಾಗಿ ಎತ್ತಿದ್ದು ಅದೇ ಮೊದಲು. ನಾನು ಆ ಎರಡು ಮಾತುಗಳನ್ನು ಗಂಟು ಹಾಕಿಕೊಂಡೆ. ಸರಿಯಾದ ಚೂರಿ, ಸಹಿ. ತಪ್ಪು ಚೂರಿ, ಇನ್ನೊಂದು ವರ್ಷ ನೀಲಿ ಏರ್‌ಮೇಲ್ ಕಾಗದಗಳು.

ಬೇಟೆಯ ಬಗ್ಗೆ ಒಂದು ಮಾತು. ಆ ಹೊತ್ತಿಗಾಗಲೇ ಜಿಂಕೆಗೆ ಗುಂಡು ಹೊಡೆದರೆ ಜೈಲು ಎಂಬ ಕಾನೂನಿತ್ತು. ಬೇಟೆಯ ಪ್ರಾಣಿಗಳಿಗಿಂತ ಬೇಟೆಗಾರರೇ ಹೆಚ್ಚಾಗಿದ್ದರು. ಆದ್ದರಿಂದ ನಿಜ್ವಾದ ಗೌರವಸ್ಥರು ಶುಕ್ರವಾರದ ಸಂತೆಯಲ್ಲಿ ಒಂದು ಆಡು ಕೊಂಡು, ಪಿಕಪ್ಪಿನಲ್ಲಿ ಮರುಭೂಮಿಗೆ ಒಯ್ದು, ಅಲ್ಲಿ ಅದನ್ನು ಬೇಟೆಯಾಡುತ್ತಿದ್ದರು. ಕಟ್ಟಿಹಾಕಿದ ಆಡು ತಪ್ಪಿಸಿಕೊಂಡದ್ದು ನಾನು ಕೇಳಿಲ್ಲ. ಅಂಥ ಬೇಟೆಗೆ ಚೂರಿ ಆರಿಸುವುದು ಎಷ್ಟು ಗಂಭೀರ ಕೆಲಸ ಎಂಬುದು ಹೊರಗಿನವರಿಗೆ ಅರ್ಥವಾಗದು.

ನಾನು ಕಂಪನಿಯ ಕ್ಯಾಟಲಾಗು ತೆಗೆದು ಓದಿದೆ. ಅದರಲ್ಲಿ ಗಡ್ಡದ ಬಿಳಿಯನೊಬ್ಬ ಹಿಮದಲ್ಲಿ ಮಂಡಿಯೂರಿದ್ದ. ಕೈಗವಸು ಹಾಕಿದ್ದರೂ ಹಿಡಿ ಜಾರದು ಎಂದು ಬರೆದಿತ್ತು. ನಮ್ಮ ಅಂಗಡಿಯ ಹೊರಗೆ ಬಿಸಿಲಿಗಿಟ್ಟ ಕಬ್ಬಿಣದ ಸಲಿಕೆಯನ್ನು ಗಿರಾಕಿಗಳು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಅದರಲ್ಲಿ ಹಿಡಿದು ಎತ್ತುತ್ತಿದ್ದರು.

ನನ್ನ ರೂಮಿನ ಜೊತೆಗಾರ ಮಂಗಳೂರಿನ ಕ್ರಿಶ್ಚಿಯನ್ ಹಿರಿಯರು, ಬೇರೊಂದು ಕಂಪನಿಯಲ್ಲಿ ಕ್ಲಾರ್ಕು. ಊರಿನ ಪದ್ಧತಿಯಂತೆ ಅವರನ್ನು ನಾನು ಪೊರ್ಬುಗಳೇ ಎನ್ನುತ್ತಿದ್ದೆ. ಅವರಿಗೆ ಎರಡೂ ಚೂರಿ ತೋರಿಸಿದೆ.

"ಎಂತ ಮಾರಾಯ, ಇದರಲ್ಲಿ ಆಲೋಚನೆ ಮಾಡ್ಲಿಕ್ಕೆ ಎಂತ ಉಂಟು? ಮಡಚದ್ದೇ. ಒಂದೇ ತುಂಡು ಉಕ್ಕು, ಹಿಡಿಯ ಕೊನೆವರೆಗೆ ಹೋಗಿರ್ಬೇಕು. ಮಡಚುವುದಕ್ಕೆ ಕೀಲು ಉಂಟಲ್ಲ, ನೆತ್ತರು, ಕೊಬ್ಬು ಎಲ್ಲ ಅದರೊಳಗೆ ಹೋಗಿ ಕೂತ್ರೆ ನೀನು ಹಲ್ಲುಜ್ಜುವ ಬ್ರಶ್ಶು ತಕೊಂಡು ತಿಕ್ಕುತ್ತಾ ಇರ್ಬೇಕು."

"ನೀವು ಬೇಟೆಗೆ ಹೋಗಿದ್ದೀರಾ?"

"ಹೋಗಿದ್ದೀರಾ ಅಂತ ಕೇಳ್ತಾನೆ! ಹಂದಿ ಶಿಕಾರಿಗೆ ನನ್ನ ಮಾವ ಮುಂದೆ, ನಾನು ಹಿಂದೆ."

"ಎಷ್ಟು ಹಿಂದೆ?"

"ಜೀಪಿನಲ್ಲಿ," ಎಂದರು ಪೊರ್ಬುಗಳು. "ಆದ್ರೆ ಜೀಪಿನ ಗ್ಲಾಸಿನಿಂದ ಎಲ್ಲಾ ಸರಿ ಕಾಣ್ತದೆ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಮರುದಿನ ನಾನು ಕಫೀಲರಿಗೆ ಮಡಚುವುದನ್ನೇ ಕೊಟ್ಟೆ. ಯಾಕೆ? ಗಿರಾಕಿಗಳಿಗೆ ಹೇಳಲು ಬಹುಕಾಲ ಒಂದು ಕಾರಣ ಇಟ್ಟುಕೊಂಡಿದ್ದೆ: ಜೇಬಿನಲ್ಲಿ ಹಿಡಿಯುತ್ತದೆ, ಒರೆ ಬೇಡ, ಆಧುನಿಕ. ಇನ್ನೊಂದು ಕಾರಣ ಪೊರ್ಬುಗಳಿಗೆ ಹೇಳಿದ್ದು: ಮಡಚದ ಚೂರಿಯನ್ನು ಸೊಂಟಕ್ಕೆ ಕಟ್ಟಿ ಕಾರಿನಲ್ಲಿ ಕೂತರೆ ಒರೆ ಕಫೀಲರ ಹೊಟ್ಟೆಗೆ ಒತ್ತುತ್ತದೆ, ಸಹಿ ಬೇಕಾದವನು ಯಜಮಾನರಿಗೆ ಹೊಟ್ಟೆ ಇದೆ ಎಂದು ಹೇಗೆ ಹೇಳುವುದು? ಮೂರನೆಯದು ಯಾರಿಗೂ ಹೇಳಿಲ್ಲ. ಮಡಚದ ಚೂರಿಯನ್ನು ಕೈಯಲ್ಲಿ ಹಿಡಿದಾಗ ಅದರಿಂದ ಏನು ಮಾಡುತ್ತಾರೆಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಡಚಿದ್ದು ಪೆನ್ನಿನ ಡಬ್ಬಿಯ ಹಾಗೆ ಕಾಣುತ್ತಿತ್ತು. ನಾನು ಹೆದರಿ ಆರಿಸಿದೆ, ಅಷ್ಟೆ. ಮೂರರಲ್ಲಿ ಇದು ನಿಜವೆಂದು ಹೇಳಲು ಕಾರಣ, ಇದರಲ್ಲಿ ನನಗೆ ಮರ್ಯಾದೆ ಕಡಿಮೆ.

ಕಫೀಲರು ಗುಂಡಿ ಒತ್ತಿ ಬಿಡಿಸಿದರು, ಮಡಚಿದರು, ಮತ್ತೆ ಬಿಡಿಸಿದರು. "ಒಳ್ಳೆಯದು. ನೀನು ಆರಿಸಿದ್ದು, ನೀನೂ ಬಾ."

ಪೊರ್ಬುಗಳು ಈ ಸುದ್ದಿ ಕೇಳಿ ನೆಗಾಡಿದರು. ಆಮೇಲೆ ಅರ್ಜಿಯನ್ನು ತಾವೇ ಮಡಚಿ ನನ್ನ ಅಂಗಿಯ ಜೇಬಿಗೆ ಹಾಕಿದರು, ಎರಡು ಪೆನ್ನು ಸಹಿತ. "ಊಟ ಆದ ಕೂಡಲೇ ಹಿಡಿ. ಹೊಟ್ಟೆ ತುಂಬಿದವ ಬುಕ್ರಾ ಹೇಳುವುದಿಲ್ಲ. ಮತ್ತೆ ಆ ಇನ್ನೊಂದು ಚೂರಿ ಬ್ಯಾಗಿನಲ್ಲಿಟ್ಕೊ. ಸಿಟ್ಟು ಮಾಡ್ಬೇಡ, ಇಟ್ಕೊ."

ಇಟ್ಟುಕೊಂಡೆ. ನನ್ನ ಆಯ್ಕೆಯಲ್ಲಿ ನನಗಿದ್ದ ನಂಬಿಕೆ ಅಷ್ಟು.

ಶುಕ್ರವಾರದ ಸಂತೆ ಖರ್ಜೂರದ ಮರಗಳ ನೆರಳಿನಲ್ಲಿ. ಮಾರುವವರು ಆಡುಗಳನ್ನು ಹಗ್ಗ ಹಿಡಿದು ಸುತ್ತು ನಡೆಸುತ್ತಿದ್ದರು, ಕೊಳ್ಳುವವರು ಸುತ್ತ ಕೂತು ಕೂಗುತ್ತಿದ್ದರು. ಬೇಟೆ ಎಂಬುದು ನಿಜವಾಗಿ ನಡೆದದ್ದು ಅಲ್ಲೇ. ಕಫೀಲರ ಜೊತೆ ಅವರ ಚಿಕ್ಕಪ್ಪ ಇದ್ದರು, ಬಿಳಿ ಗಡ್ಡದ, ಕಡಿಮೆ ಮಾತಿನ ಮುದುಕರು. ಹೆಗಲಿಗೆ ಹಳೆಯ ಕೋವಿ, ಅಲಂಕಾರಕ್ಕೆ. ಅವರು ಒಂದು ಆಡಿನ ಬಾಯಿ ತೆರೆದು ಹಲ್ಲು ನೋಡಿ, ಬೆನ್ನು ಒತ್ತಿ, ಸರಿ ಎಂದರು. ಆ ಆಡು ಕಪ್ಪು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅವತ್ತಿನ ಒಂದು ಫೋಟೋ ನನ್ನ ಬಳಿ ಇದೆ, ಅದರಲ್ಲಿ ಆಡು ಬಿಳಿ, ಕಿವಿ ಮಾತ್ರ ಕಂದು. ಕಪ್ಪು ಆಡು ಎಲ್ಲಿಂದ ಬಂತೋ ಗೊತ್ತಿಲ್ಲ. ಫೋಟೋವನ್ನು ನಂಬೋಣ.

ಅವರಿಬ್ಬರು ಮುಂದೆ ಎಸಿಯಲ್ಲಿ, ನಾನು ಮತ್ತು ಆಡು ಹಿಂದೆ ಗಾಳಿಯಲ್ಲಿ. ಚೂರಿ ನನ್ನ ವಶದಲ್ಲಿತ್ತು, ಆರಿಸಿದವನೇ ಹೊರಬೇಕು ಎಂಬ ನ್ಯಾಯ. ಬೆಟ್ಟ ಮುಗಿದು ಬಯಲು ಶುರುವಾದ ಮೇಲೆ ಮರಳು ಮುಖಕ್ಕೆ ಹೊಡೆಯಿತು. ಅರ್ಜಿ ಹಾರದಂತೆ ಒಂದು ಕೈ ಎದೆಯ ಮೇಲೆ, ಆಡು ಹಾರದಂತೆ ಇನ್ನೊಂದು ಕೈ ಹಗ್ಗದ ಮೇಲೆ. ಪ್ಯಾಂಟಿನ ಜೇಬಿನಲ್ಲಿ ಮಡಚಿದ ಚೂರಿ ಒಂದೂವರೆ ಗಂಟೆ ಸದ್ದಿಲ್ಲದೆ ಮರಳು ತಿನ್ನುತ್ತಿದ್ದುದು ನನಗೆ ತಿಳಿಯಲಿಲ್ಲ. ಕ್ಯಾಟಲಾಗಿನವನಿಗೂ ತಿಳಿದಿರಲಿಲ್ಲ. ಅವನಿಗೆ ಹಿಮ ಸಾಕಾಗಿತ್ತು.

ಗಾಫ್ ಮರವೊಂದರ ಕೆಳಗೆ ಚಾಪೆ ಹಾಸಿದೆವು. ಬೆಳಿಗ್ಗೆ ಹತ್ತೂವರೆ. ಚಿಕ್ಕಪ್ಪ ಆಡಿಗೆ ನೀರು ಕುಡಿಸಿ, ಮಕ್ಕಾದ ದಿಕ್ಕಿಗೆ ತಿರುಗಿಸಿ ಕೈಚಾಚಿದರು. ನಾನು ಚೂರಿ ಕೊಟ್ಟೆ. ಗುಂಡಿ ಒತ್ತಿದರು. ಚೂರಿ ಕರಕರ ಎಂದಿತು, ಬಿಡಿಸಿಕೊಳ್ಳಲಿಲ್ಲ.

ಕೊಯ್ಯುವ ಪ್ರಾಣಿಯ ಕಣ್ಣೆದುರು ಚೂರಿ ಸರಿಮಾಡುತ್ತಾ ಕೂರಬಾರದು ಎಂಬುದು ಅವರ ನಿಯಮ, ಒಳ್ಳೆಯ ನಿಯಮ. ಆದ್ದರಿಂದ ನಾವು ಮೂವರೂ ಪಿಕಪ್ಪಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತೆವು. ಆಡು ಕುತ್ತಿಗೆ ಚಾಚಿ ನಮ್ಮನ್ನು ಹುಡುಕುತ್ತಿತ್ತು. ಅದು ಈ ಕಡೆ ಇಣುಕಿದರೆ ನಾವು ಆ ಕಡೆ ಸರಿಯುತ್ತಿದ್ದೆವು. ಕಫೀಲರು ಉಗುರಿನಿಂದ ಎಳೆದರು. ಆಮೇಲೆ ಹಲ್ಲಿನಿಂದ. ನಾನು ಟೂಲ್ ಬಾಕ್ಸಿನ ಇಕ್ಕಳ ತಂದೆ. ಅಡುಗೆಗೆ ತಂದ ಎಣ್ಣೆ ಬಿಟ್ಟೆವು. ಎಣ್ಣೆಗೆ ಮರಳು ಇನ್ನೂ ಅಂಟಿಕೊಂಡಿತು. ಕೊನೆಗೆ ಅರ್ಧ ಬಿಡಿಸಿಕೊಂಡು ನಿಂತಿತು. ಆ ಕೋನದಲ್ಲಿ ಅದರಿಂದ ಏನನ್ನೂ ಕೊಯ್ಯಲಾಗದು, ಕೋಟು ತೂಗುಹಾಕಬಹುದು.

"ಇದನ್ನು ಯಾರು ಆರಿಸಿದ್ದು?" ಎಂದರು ಚಿಕ್ಕಪ್ಪ.

ಕಫೀಲರು ನನ್ನತ್ತ ನೋಡಲಿಲ್ಲ. ಅದೇ ಅವರ ಒಳ್ಳೆಯತನ. "ಆಧುನಿಕವಾದ್ದು, ಅಮ್ಮೀ," ಎಂದರು. ಅರಬ್ಬಿಯಲ್ಲಿ ಚಿಕ್ಕಪ್ಪನನ್ನು ಹಾಗೆ ಕರೆಯುತ್ತಾರೆ.

ನಾನು ಬ್ಯಾಗಿನಿಂದ ಮಡಚದ್ದನ್ನು ತೆಗೆದುಕೊಟ್ಟೆ. ಮುದುಕರು ಒಮ್ಮೆ ಹೆಬ್ಬೆರಳಿನಿಂದ ಅಂಚು ನೋಡಿ, ಅಂಗಿಯ ತೋಳಿನ ಮಡಿಕೆಯೊಳಗೆ ಮರೆಮಾಡಿಕೊಂಡು ಹೋದರು. ದೇವರ ಹೆಸರು ಹೇಳಿದ್ದು ಕೇಳಿಸಿತು. ನಾನು ಪಿಕಪ್ಪಿನ ಟೈರು ನೋಡುತ್ತಿದ್ದೆ. ಕ್ಷಣದಲ್ಲಿ ಮುಗಿಯಿತು. ನಾನು ಅಲ್ಲಿ ಧೈರ್ಯವಾಗಿ ನಿಂತಿದ್ದೆ ಎಂದು ಎಲ್ಲಾದರೂ ಹೇಳಿದ್ದರೆ ಅದನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ.

ಆಡು ಹೋಗಿ ಮಾಂಸವಾದ ಮೇಲೆ ನನಗೆ ಧೈರ್ಯ ಬಂತು. ಮರ್ಯಾದೆ ಉಳಿಸಿಕೊಳ್ಳಬೇಕಿತ್ತು, ಸಹಿ ಬೇಕಿತ್ತು. ತುಂಡು ಮಾಡುವ ಕೆಲಸ ನನಗಿರಲಿ ಎಂದೆ. ಇಬ್ಬರೂ ಬೆಂಕಿ ಹಾಕಲು ಹೋದರು.

ಕರಾವಳಿಯ ಮನೆಗಳಲ್ಲಿ ಮೀನಿನ ಹತ್ತಿರ ಕತ್ತಿ ಹೋಗುವುದಿಲ್ಲ, ಕತ್ತಿಯ ಹತ್ತಿರ ಮೀನು ಹೋಗುತ್ತದೆ. ಮಣೆಗೆ ಜೋಡಿಸಿದ ಅಲಗು ನೆಟ್ಟಗೆ ನಿಂತಿರುತ್ತದೆ, ಮಣೆಯನ್ನು ಕಾಲಲ್ಲಿ ಮೆಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಯ್ಯುತ್ತೇವೆ. ಅದಕ್ಕೇ ಅದು ಮೆಟ್ಟುಕತ್ತಿ. ನಾನು ಹುಟ್ಟಿದಾಗಿನಿಂದ ನೋಡಿದ್ದು, ರೂಮಿನಲ್ಲಿ ಮಾಡುತ್ತಿದ್ದದ್ದು ಅದನ್ನೇ. ಚಪ್ಪಲಿ ಬಿಟ್ಟು, ಎರಡು ಕಲ್ಲುಗಳ ನಡುವೆ ಚೂರಿಯ ಹಿಡಿ ಸಿಕ್ಕಿಸಿ, ಅಲಗು ಮೇಲೆ ಬರುವಂತೆ ಪಾದದಿಂದ ಒತ್ತಿ ಹಿಡಿದೆ. ಸರಸರ ಕೆಲಸ ಸಾಗಿತು. ಇಂಥ ಕೆಲಸಕ್ಕೆ ಮಡಚುವ ಚೂರಿ ಆಗುತ್ತಿರಲಿಲ್ಲ ಎಂದು ನನ್ನಷ್ಟಕ್ಕೆ ಒಪ್ಪಿಕೊಳ್ಳುತ್ತಿದ್ದೆ ಕೂಡ.

ತಲೆಯೆತ್ತಿದಾಗ ಇಬ್ಬರೂ ಕಟ್ಟಿಗೆ ಹಿಡಿದು ನಿಂತಿದ್ದರು.

"ಕಾಲು!" ಎಂದರು ಕಫೀಲರು. "ಊಟದ ಚೂರಿಯ ಮೇಲೆ ಕಾಲು!"

ನನ್ನ ಪಾದ ಅಲ್ಲೇ ಇತ್ತು. ತೆಗೆಯಬೇಕೆಂಬುದು ತಲೆಗೆ ಹೊಳೆಯಿತು, ಕಾಲಿಗೆ ತಲುಪಲಿಲ್ಲ. ಜೇಬಿನಲ್ಲಿ ಅರ್ಜಿ ಬೆವರಿನಲ್ಲಿ ಒದ್ದೆಯಾಗುತ್ತಿರುವುದು ಮಾತ್ರ ಗೊತ್ತಾಗುತ್ತಿತ್ತು.

ಚಿಕ್ಕಪ್ಪ ಹತ್ತಿರ ಬಂದು, ಬಗ್ಗಿ, ತುಂಡುಗಳನ್ನು ನೋಡಿದರು. "ಯಾರು ಕಲಿಸಿದ್ದು?"

"ಅಮ್ಮ."

"ನಿಮ್ಮಲ್ಲಿ ಎಲ್ಲರೂ ಹೀಗೇ?"

"ಎಲ್ಲರೂ. ನನ್ನ ಹೆಂಡತಿಯೂ."

"ಹೆಂಡತಿ ಎಲ್ಲಿ?"

"ಊರಲ್ಲಿ. ಕಾಗದಕ್ಕೆ ಸಹಿ ಆಗಿಲ್ಲ."

ಮುದುಕರು ಕಫೀಲರ ಕಡೆ ತಿರುಗಿದರು. ಅವರ ಅರಬ್ಬಿ ನನಗೆ ಪೂರ್ತಿ ಅರ್ಥವಾಗಲಿಲ್ಲ. ಕಫೀಲರು ಆಮೇಲೆ ಹೇಳಿದ ಪ್ರಕಾರ ಹೀಗೆ: "ಇವನ ಹೆಂಡತಿಯನ್ನು ಕರೆಸು. ಅವಳು ಕಾಲಲ್ಲಿ ಕೊಯ್ಯಲಿ, ಕೈಯಲ್ಲಿ ಕೊಯ್ಯಲಿ, ಅವರ ಮನೆಯಲ್ಲಿ ಕೊಯ್ಯಲಿ. ಇವನನ್ನು ಮಾಂಸದ ಹತ್ತಿರ ಬಿಡಬೇಡ."

ಮಾಂಸವನ್ನು ಮೂರು ಸಲ ತೊಳೆದರು. ಚೂರಿಯನ್ನು ಬೆಂಕಿಗೆ ಹಿಡಿದರು. ಊಟವಾದ ಮೇಲೆ ಪಿಕಪ್ಪಿನ ಬಾನೆಟ್ಟಿನ ಮೇಲೆ ಅರ್ಜಿ ಹಾಸಿ, ಪೊರ್ಬುಗಳ ಎರಡನೆಯ ಪೆನ್ನಿನಿಂದ ಕಫೀಲರು ಸಹಿ ಹಾಕಿದರು. ಓದಲಿಲ್ಲ, ಕೂರಲಿಲ್ಲ. ಕೈ ಮಾತ್ರ ಸರಿಯಾಗಿ ಒರೆಸಿಕೊಂಡಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಪೊರ್ಬುಗಳು ಇವತ್ತಿಗೂ ಇಲ್ಲಿಗೇ ಮುಗಿಸುತ್ತಾರೆ, ತಾವೂ ಜೊತೆಗಿದ್ದವರಂತೆ.

ಭಾನುವಾರ ವೀಸಾ ಕಚೇರಿಯ ಗುಮಾಸ್ತ ಅರ್ಜಿಯನ್ನು ಬೆಳಕಿಗೆ ಹಿಡಿದ. ಹೆಂಡತಿಯ ಪಾಸ್‌ಪೋರ್ಟ್ ನಂಬರಿನ ಮೇಲೆ ಆಡಿನ ಕೊಬ್ಬು ಹರಡಿ, ಶಾಯಿ ಕದಡಿತ್ತು. ಅಂಕಿಗಳಿದ್ದ ಕಡೆ ಕಾಗದದ ಆಚೆ ಅವನ ಮುಖ ಮಸುಕಾಗಿ ಕಾಣುತ್ತಿತ್ತು. "ಹೊಸದು ತಾ," ಎಂದ. ನ್ಯಾಯವಾಗಿತ್ತು.

ಹೊಸದು ಟೈಪು ಮಾಡಿಸಿದೆ. ಸಹಿ ಕೇಳಬೇಕು. ನಿಮ್ಮ ಕೈಯ ಕೊಬ್ಬಿನಿಂದ ಕಾಗದ ಹಾಳಾಯಿತು ಎಂದು ಅನ್ನ ಕೊಡುವವರಿಗೆ ಹೇಳುವುದು ಹೇಗೆ ಎಂದು ಎರಡು ವಾರ ವಾಕ್ಯ ಕಟ್ಟುತ್ತಿದ್ದೆ. ನಮ್ಮ ಕಡೆಯವರ ರೋಗ ಇದು. ಎದುರಿನವರಿಗೆ ಮುಜುಗರವಾಗದ ಹಾಗೆ ಹೇಳಲು ಹೋಗಿ ಹೇಳುವುದನ್ನೇ ಬಿಡುತ್ತೇವೆ. ಆಮೇಲೆ ಕಫೀಲರು ಎರಡು ತಿಂಗಳು ಹೊಸ ಅಂಗಡಿಯ ಕೆಲಸಕ್ಕೆ ಸೂರ್ ಪಟ್ಟಣಕ್ಕೆ ಹೋದರು. ಬಂದವರೇ, ಗಿರಾಕಿಗಳು ತುಂಬಿದ್ದ ಅಂಗಡಿಯಲ್ಲಿ, ಗಟ್ಟಿಯಾಗಿ ಕೇಳಿದರು: "ಮೇಡಂ ಬಂದರಲ್ಲ? ಸೆಕೆ ಅಭ್ಯಾಸವಾಯಿತಾ?"

"ಅಲ್‌ಹಮ್ದುಲಿಲ್ಲಾ," ದೇವರ ದಯೆ, ಎಂದುಬಿಟ್ಟೆ.

ಅಷ್ಟೇ. ಇಲ್ಲ ಎನ್ನಲು ನಾಲ್ಕು ಗಿರಾಕಿಗಳ ಎದುರು ಕೊಬ್ಬಿನ ಕಥೆ ಹೇಳಬೇಕಿತ್ತು. ಆ ಹೊತ್ತಿನಿಂದ ನನ್ನ ಹೆಂಡತಿ ನಿಜ್ವಾದಲ್ಲಿ ವಾಸವಾದಳು. ಅವರು ಅವಳಿಗೆಂದು ಖರ್ಜೂರ ಕಳಿಸಿದರು, ಹಲ್ವ ಕಳಿಸಿದರು. ಪೊರ್ಬುಗಳು ಹಲ್ವ ಬಾಯಿಗೆ ಹಾಕಿಕೊಂಡು, "ನಿನ್ನ ಹೆಂಡತಿಗೆ ಇಲ್ಲಿಯ ತಿಂಡಿ ಭಾರೀ ಒಗ್ಗಿದೆ ಮಾರಾಯ, ಮೈ ಬರ್ತಾ ಉಂಟು," ಎನ್ನುತ್ತಿದ್ದರು. ಊರಿನಿಂದ ಅವಳ ಕಾಗದ ಬರುತ್ತಿತ್ತು: ಕೆಲಸ ಎಲ್ಲಿಗೆ ಬಂತು? ನಾನು ಉತ್ತರ ಬರೆಯುತ್ತಿದ್ದೆ: ಇಲ್ಲಿಯ ನಿಯಮ ಬದಲಾಗಿದೆ, ಸ್ವಲ್ಪ ತಡ. ಇಬ್ಬರಿಗೆ ಎರಡು ಸುಳ್ಳು. ಎರಡರಲ್ಲೂ ನಾನು ಶುದ್ಧ.

ಅರ್ಧ ಬಿಡಿಸಿದ ಚೂರಿಯನ್ನು ಆ ದಿನಗಳಲ್ಲಿ ಬಿಡಿಭಾಗ ಮಾಡಿ, ಸೀಮೆಎಣ್ಣೆಯಲ್ಲಿ ತೊಳೆದು ಸರಿಮಾಡಿದೆ. ಗಿರಾಕಿ ಕೇಳಿದರೆ ಈಗ ಅನುಭವದಿಂದ ಹೇಳುತ್ತಿದ್ದೆ: ಮರಳಿಗೆ ಹೋಗುವವರಿಗೆ ಮಡಚದ್ದು, ಒರೆಯ ಸಮೇತ, ಹಣ್ಣು ಕೊಯ್ಯಲು, ಹಗ್ಗ ಕತ್ತರಿಸಲು ಮಡಚುವುದು. ಸರಿಯಾದ ಮಾತು. ಒಂದೇ ಒಂದು ಸರಿಯಾದ ಮಾತು ಹೇಳಬೇಕಾದವರಿಗೆ ಮಾತ್ರ ಹೇಳಿರಲಿಲ್ಲ.

ಮೊದಲ ಸಹಿಯಾಗಿ ಏಳು ತಿಂಗಳು. ತೊಂಬತ್ತರ ದಶಕ ಬಂದಾಗಿತ್ತು. ಈದ್‌ಗೆ ಹತ್ತು ದಿನವಿರುವಾಗ ಕಫೀಲರು ಹೇಳಿದರು, "ಮನೆಯವರು ನಿನ್ನ ಮೇಡಂ ಅವರನ್ನು ಈದ್‌ಗೆ ಕರೆತರಲು ಹೇಳಿದ್ದಾರೆ. ಈ ಸಲ ತಪ್ಪಿಸಬೇಡ."

ಅಂಗಡಿಯಲ್ಲಿ ಆಗ ಗಿರಾಕಿಗಳಿರಲಿಲ್ಲ. ನಾನು ಡ್ರಾಯರ್ ತೆಗೆದು ಎರಡೂ ಅರ್ಜಿಗಳನ್ನು, ಕೊಬ್ಬಿನದ್ದನ್ನೂ ಹೊಸದನ್ನೂ, ಮೇಜಿನ ಮೇಲಿಟ್ಟೆ. ಕಟ್ಟಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅವಳು ಬರಲೇ ಇಲ್ಲ, ಅರ್ಬಾಬ್," ಎಂದೆ.

ಅವರು ಕಲೆಯ ಮೇಲೆ ಬೆರಳಾಡಿಸಿದರು. ಸಿಟ್ಟು ಬರುತ್ತದೆಂದು ಕಾದೆ. ಫೋನ್ ಬಡಿದುಕೊಂಡಿತು; ಅವರು ಎತ್ತಲಿಲ್ಲ.

"ಏಳು ತಿಂಗಳು," ಎಂದರು. "ಹೆಂಡತಿಯನ್ನು ಏಳು ತಿಂಗಳು ದೂರ ಇಟ್ಟೆ, ನನಗೆ ನಾಚಿಕೆಯಾಗಬಾರದು ಅಂತ?"

ನಾನು ತಲೆಯಾಡಿಸಿದೆ.

"ನಿನಗಿಂತ ಆ ಆಡಿಗೆ ಬುದ್ಧಿಯಿತ್ತು. ಅದು ಕೂಗಾದರೂ ಹಾಕುತ್ತಿತ್ತು." ಸಹಿ ಹಾಕಿದರು, ಓದಿ, ಕೂತು. ಆಮೇಲೆ ಮುಖ ಸಣ್ಣದಾಯಿತು. "ಈದ್‌ಗೆ ಹತ್ತೇ ದಿನ. ಈಗ ನಾನು ಮನೆಯಲ್ಲಿ ಏನು ಹೇಳಲಿ? ಇಷ್ಟು ತಿಂಗಳು ಅವಳ ಕ್ಷೇಮ ಹೇಳಿದವನು ನಾನು!" ತಾವೇ ಒಂದು ಕಾರಣ ಹುಡುಕಿಕೊಂಡು ಹೊರಟರು. ಅದೇನೆಂದು ನನಗೆ ಹೇಳಲಿಲ್ಲ. ಕೇಳುವಷ್ಟು ಬಾಯಿ ನನಗೂ ಇರಲಿಲ್ಲ.

ಎರಡು ತಿಂಗಳಲ್ಲಿ ಅವಳು ಬಂದಳು. ಮೂರನೆಯ ದಿನ ಕಫೀಲರ ಮನೆಗೆ ಊಟಕ್ಕೆ ಕರೆದರು. ಅವಳನ್ನು ಹೆಂಗಸರ ಕೋಣೆಗೆ ಕಳಿಸಿ ನಾನು ಹೊರಗೆ ಕಾಫಿಯ ಮುಂದೆ ಕೂತೆ, ಕಫೀಲರು ನನ್ನ ಮುಖ ತಪ್ಪಿಸಿ ಚಾವಣಿ ನೋಡುತ್ತಿದ್ದರು. ಒಂದು ಗಂಟೆಯ ಮೇಲೆ ಅವಳು ಹೊರಬಂದಾಗ ಕೈಯಲ್ಲಿ ಹಲ್ವದ ಡಬ್ಬಿ, ಹಣೆಯಲ್ಲಿ ಗೆರೆ. ಅಂಗಡಿಯ ಕಾರು ಹತ್ತಿ ಬಾಗಿಲು ಹಾಕಿಕೊಂಡಳು.

"ಹೋಯ್," ಎಂದಳು, "ಆ ಮನೆಯ ಅಮ್ಮ ನನ್ನ ಕೈ ಹಿಡ್ಕೊಂಡು ಹಿಂದಿಯಲ್ಲಿ ಕೇಳಿದ್ರು, ಊರಿಗೆ ಹೋಗಿ ಎರಡು ತಿಂಗಳು ಆರೈಕೆ ಮಾಡಿ ಬಂದೆಯಲ್ಲ, ನಿನ್ನ ತಾಯಿ ಈಗ ಎದ್ದು ನಡೀತಾರಾ ಅಂತ. ಅಷ್ಟು ಪ್ರೀತಿಯಿಂದ ಕೇಳುವಾಗ ಇಲ್ಲ ಹೇಳುವುದು ಹೇಗೆ? ದೇವರ ದಯೆ, ನಡೀತಾರೆ ಅಂದೆ."

ನಾನು ಗಾಡಿ ಸ್ಟಾರ್ಟ್ ಮಾಡಿದೆ.

"ನನ್ನ ಅಮ್ಮನಿಗೆ ಎಂತ ಆಗಿತ್ತು ಮಾರಾಯ್ರೆ?"